ಪಾರ್ವತಿ ಅತ್ತೆಯನ್ನು ಹುಡುಕಿದ್ದು

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರಿಗಿಂತ ಮೊದಲು ಕೈಯೊಡ್ಡುತ್ತಿದ್ದವಳು ನಾನು. ಅಪ್ಪನಿಗಿಂತ ಮೊದಲು, ಅಜ್ಜಿಗಿಂತಲೂ ಮೊದಲು. ಮುದ್ದಿಗೇನಲ್ಲ, ಮಕ್ಕಳನ್ನು ಮುದ್ದು ಮಾಡುವ ಜಾಯಮಾನದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪನ ತಂಗಿ ಪಾರ್ವತಿ ಅತ್ತೆ ನಮ್ಮ ಜೊತೆಗೇ ಇದ್ದಳು. ಅವಳ ತಟ್ಟೆಯಿಂದ ಮೊದಲ ತುತ್ತು ನಾನು ತಿಂದು, ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ಅವಳು ಊಟಕ್ಕೆ ಕೂರುವುದು. ಅನ್ನದಲ್ಲಿ ಯಾರೋ ಏನೋ ಬೆರೆಸುತ್ತಾರೆಂಬ ಭಯ ಅವಳಿಗೆ. ಯಾರು ಎಂದರೆ ಹೇಳುತ್ತಿರಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಶಾಲೆ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಊಟದ ಬೆಲ್ಲು ಹೊಡೆದ ಕೂಡಲೇ ನಾನು ಓಡಿ ಬರಬೇಕು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು, ಆಮೇಲೆ ಅತ್ತೆಯ ಊಟ. ಅಜ್ಜಿಗೆ ಇದು ಕಣ್ಣಿಗೆ ಕಂಡರಾಗದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಹುಡುಗಿಯ ಎಂಜಲು ತಿನ್ನುವುದೇ ಎಂದು ದಿನವೂ ಗೊಣಗುತ್ತಿದ್ದಳು. ಅಮ್ಮ ಅದಕ್ಕೊಂದು ದಾರಿ ಕಂಡುಕೊಂಡಳು. ತಟ್ಟೆಯಿಂದ ಒಂದು ತುತ್ತನ್ನು ತಾನೇ ತೆಗೆದು, ಮೇಲಿನಿಂದ ನನ್ನ ಅಂಗೈಗೆ ಹಾಕತೊಡಗಿದಳು. ತಟ್ಟೆ ಎಂಜಲಾಗಲಿಲ್ಲ, ಅತ್ತೆಯ ಅನುಮಾನವೂ ತೀರಿತು. ಅಜ್ಜಿ ಮಾತ್ರ ಇನ್ನೂ ಆರು ತಿಂಗಳು ಗೊಣಗಿದಳು, ಅಭ್ಯಾಸಬಲ.

ಗುಬ್ಬಿಯ ಆ ಮನೆ ರೈಲು ಬೋಗಿಯ ಹಾಗೆ ಉದ್ದಕ್ಕಿತ್ತು. ಜಗುಲಿ, ನಡುಮನೆ, ಅಡುಗೆಮನೆ, ಹಿತ್ತಲು, ಒಂದರ ಹಿಂದೆ ಒಂದು. ನಡುಮನೆಯ ಪಕ್ಕದ ಒಂದೇ ಕೋಣೆಯಲ್ಲಿ ಅಜ್ಜಿ, ಅತ್ತೆ, ನಾನು ಮಲಗುತ್ತಿದ್ದೆವು. ಮೇಲೆ ಅಟ್ಟ. ಬೆಳ್ಳಾವಿಯ ಹತ್ತಿರ ನಮಗಿದ್ದ ತುಂಡು ತೋಟದ ತೆಂಗಿನಕಾಯಿಗಳನ್ನು ಕೊಬ್ಬರಿಗೆಂದು ಅಲ್ಲಿ ಒಟ್ಟುತ್ತಿದ್ದರು. ಹತ್ತಿರ ಹತ್ತಿರ ವರ್ಷ ಅವು ಅಲ್ಲೇ ಒಣಗಬೇಕು. ಇಲಿ ನುಗ್ಗಿದರೆ ಕಾಯಿ ಉರುಳುವುದು. ಉರುಳಿದಾಗಲೆಲ್ಲ ಅತ್ತೆ ಕೈಯಲ್ಲಿದ್ದುದನ್ನು ಬಿಟ್ಟು, “ಮೇಲೆ ಓಡಾಡ್ತಾವ್ರೆ” ಎಂದು ನಡುಗುವಳು. ಅಪ್ಪನಾದರೆ ಪೇಪರಿನಿಂದ ತಲೆಯೆತ್ತದೆ, “ಇಲಿ ಕಣೇ, ಸುಮ್ನಿರು” ಎನ್ನುವನು. ಅಮ್ಮ ಹಾಗಲ್ಲ. ಸೆರಗು ಸಿಕ್ಕಿಸಿ, ಏಣಿ ಹತ್ತಿ, ಅಟ್ಟದೊಳಗೆ ತಲೆ ತೂರಿಸಿ, ಅರ್ಧ ಬೀದಿಗೆ ಕೇಳುವಂತೆ ಕೂಗುವಳು.

“ಯಾರ್ರಪ್ಪಾ ಅದು? ಇಳೀರಿ ಕೆಳಕ್ಕೆ! ನಮ್ಮ ಹುಡುಗಿ ಹೆದರ್ಕೋತಾಳೆ!”

ಇಳಿದು ಬಂದು, ಸೀರೆಯ ದೂಳು ಕೊಡವಿಕೊಂಡು, “ಹೋದ್ರು ಕಣವ್ವ” ಎನ್ನುವಳು. ಅತ್ತೆ ಮತ್ತೆ ಹೂವು ಕಟ್ಟಲು ಕೂರುವಳು. ಹಾಗೆಲ್ಲ ಮಾಡಬಾರದು, ಭ್ರಮೆಗೆ ನೀರೆರೆದ ಹಾಗಾಗುತ್ತದೆ ಎಂದು ತುಮಕೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಅಮ್ಮನಿಗೆ ಬುದ್ಧಿ ಹೇಳಿದರಂತೆ. “ಸರಿ ಸಾರ್” ಎಂದು ತಲೆಯಾಡಿಸಿ ಬಂದವಳು ಮಾರನೆಯ ದಿನವೇ ಏಣಿ ಹತ್ತಿದಳು.

ಅತ್ತೆಗಿದ್ದುದನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಅಜ್ಜಿಗೆ ಅದು ಗಾಳಿ. ಅಯ್ನೋರ ಹತ್ತಿರ ಹೋಗಿ ತಾಯತ ಕಟ್ಟಿಸಿಕೊಂಡು ಬರುವಳು. ಅಪ್ಪನಿಗೆ ಅದು ತಲೆಬಿಸಿ; ನೆಂಟರು ಬಂದರೆ, “ಅವಳಿಗೆ ಸ್ವಲ್ಪ ತಲೆಬಿಸಿ, ಮಲಗವ್ಳೆ” ಎಂದು ಕೋಣೆಯ ಬಾಗಿಲು ಮುಂದಕ್ಕೆಳೆಯುವನು. ಅಮ್ಮ ಒಬ್ಬಳೇ ಅದನ್ನು ಕಾಯಿಲೆ ಎನ್ನುತ್ತಿದ್ದವಳು. ತಿಂಗಳಿಗೊಮ್ಮೆ ಅತ್ತೆಯನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಮಾತ್ರೆ ತರುತ್ತಿದ್ದವಳೂ ಅವಳೇ. ಅತ್ತೆಗೆ ಮದುವೆಯಾಗಿತ್ತು ಎನ್ನುವುದು ನನಗೆ ಗೊತ್ತಿತ್ತು, ಅಷ್ಟೇ. ಕುಣಿಗಲ್ಲಿನಾಚೆ ಅಮೃತೂರಿಗೆ ಕೊಟ್ಟಿದ್ದರು. ಒಂದೂವರೆ ವರ್ಷಕ್ಕೆ ಅವಳನ್ನು ವಾಪಸು ತಂದುಬಿಟ್ಟು ಹೋದರು. ಅವತ್ತಿನಿಂದ ಆ ಊರಿನ ಮಾತು, ಆ ಮನೆಯವರ ಮಾತು, ಅಲ್ಲಿಗೆ ಸೇರಿದ ಯಾವುದೂ ನಮ್ಮ ಹೊಸಿಲು ದಾಟಕೂಡದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಮದುವೆಯ ಫೋಟೋ ಕೂಡ ಪೆಟ್ಟಿಗೆಯ ತಳ ಸೇರಿತ್ತು.

ನಾನು ಏಳನೆಯ ಕ್ಲಾಸಿನಲ್ಲಿದ್ದೆ. ತಾಲ್ಲೂಕು ಮಟ್ಟದ ಖೋಖೋಗೆ ನನ್ನನ್ನು ಆರಿಸಿದ್ದರು. ಅವತ್ತು ಊಟದ ಹೊತ್ತಿನಲ್ಲಿಯೂ ಅಭ್ಯಾಸ ಇದೆ, ಶಾಲೆಯಲ್ಲೇ ಚಿತ್ರಾನ್ನ ಕೊಡುತ್ತೇವೆ, ಯಾರೂ ಮನೆಗೆ ಹೋಗಬೇಡಿ ಎಂದರು ಮೇಷ್ಟ್ರು. ಮನೆಗೆ ಹೇಳಿ ಬರುತ್ತೇನೆ ಎನ್ನಬಹುದಿತ್ತು. ಎರಡೇ ನಿಮಿಷದ ದಾರಿ. ಅನ್ನಲಿಲ್ಲ. ಗೆಳತಿಯರ ಮುಂದೆ ಅತ್ತೆಯ ತಟ್ಟೆಯ ಕಥೆ ತೆಗೆಯಲು ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ, ಒಂದು ದಿನವಾದರೂ ಆ ಕೆಲಸ ತಪ್ಪಿತಲ್ಲ ಎಂದು ಖುಷಿಯೂ ಆಗಿತ್ತು. ಎರಡು ಸಲ ಹಾಕಿಸಿಕೊಂಡು ತಿಂದೆ. ಸಂಜೆ ಮನೆಗೆ ಬಂದರೆ ಅತ್ತೆಯ ತಟ್ಟೆ ಬಡಿಸಿದ್ದು ಬಡಿಸಿದ ಹಾಗೇ ಮುಚ್ಚಿತ್ತು. ಅಮ್ಮ ನನ್ನನ್ನು ಕಾದು ಕಾದು, ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳಂತೆ. ಅಜ್ಜಿಗೆ ಜೊಂಪು ಹತ್ತಿತ್ತಂತೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಅತ್ತೆ ಇರಲಿಲ್ಲ.

ಅಪ್ಪ ಶಾಲೆಯೊಂದರಲ್ಲಿ ಗುಮಾಸ್ತ. ಸುದ್ದಿ ತಿಳಿದು ಬಂದವನೇ ಟಿವಿಎಸ್ ಹತ್ತಿ ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು, ಕೆರೆ ಏರಿ ಎಲ್ಲ ಸುತ್ತಿ ಬಂದ. ಮೊದಲನೆಯ ದಿನ, “ಬರ್ತಾಳೆ ಬುಡು, ಹೋಗಿ ಎಲ್ಲಿಗೋಗ್ತಾಳೆ” ಎಂದ. ಎರಡನೆಯ ದಿನ ಮತ್ತೆ ಟಿವಿಎಸ್ ಹತ್ತಿದ. ಮೂರನೆಯ ದಿನ ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, “ನೀವ್ ಬರ್ಲಿಲ್ಲ ಅಂದ್ರೆ ನಾನೇ ಸ್ಟೇಷನ್‌ಗೆ ಹೋಗ್ತೀನಿ” ಎಂದ ಮೇಲೆ ಪೊಲೀಸರಿಗೆ ದೂರು ಕೊಟ್ಟದ್ದು. ಅಂಟಿಸಲು ಒಂದು ನೋಟೀಸನ್ನೂ ಅಪ್ಪನೇ ಬರೆದ. ಹೆಸರು ಪಾರ್ವತಿ, ವಯಸ್ಸು ಮೂವತ್ತೆರಡು, ಗೋಧಿ ಮೈಬಣ್ಣ, ಉದ್ದ ಜಡೆ, ನೀಲಿ ಸೀರೆ. ಅಮ್ಮ ಅದನ್ನು ಓದಿದಳು.

“ಕಾಯಿಲೆ ಬರ್ದಿಲ್ವಲ್ಲ?”

“ಬರದ್ರೆ ಊರೆಲ್ಲ ಓದುತ್ತೆ.”

“ಓದ್ಲಿ. ಓದ್ಲಿ ಅಂತ್ಲೇ ಅಲ್ವಾ ಅಂಟ್ಸೋದು?”

ಅಪ್ಪ ಮುಖ ದಪ್ಪ ಮಾಡಿಕೊಂಡು ಹಾಗೆಯೇ ಜೆರಾಕ್ಸ್ ಮಾಡಿಸಿ ತಂದ. ಅಮ್ಮ ಜಗಳವಾಡಲಿಲ್ಲ. ನನ್ನನ್ನು ನಡುಮನೆಯಲ್ಲಿ ಕೂರಿಸಿಕೊಂಡು, ಒಂದೊಂದು ಹಾಳೆಯ ಕೆಳಗೂ ಪೆನ್ನಿನಲ್ಲಿ ಬರೆಸಿದಳು: ಇವರಿಗೆ ಮಾನಸಿಕ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳಬೇಕು, ದಯವಿಟ್ಟು ಹೆದರಿಸಬೇಡಿ. ಅರ್ಧ ನಾನು ಬರೆದೆ, ಅರ್ಧ ಅವಳು. ಅಕ್ಷರ ದುಂಡಗಿರಲಿ, ಎಷ್ಟು ಅವಸರವಿದ್ದರೂ ಜನ ನಿಂತು ಓದಬೇಕು ಎಂದು ನನಗೆ ಗದರಿಸುತ್ತಲೇ ಇದ್ದಳು. ಬರೆಯುತ್ತ ಬರೆಯುತ್ತ ನನಗೆ ತಡೆಯಲಾಗಲಿಲ್ಲ. ಚಿತ್ರಾನ್ನದ ವಿಷಯ ಬಾಯಿಬಿಟ್ಟೆ. ನಾನು ಬಂದಿದ್ದರೆ ಅತ್ತೆ ಹೋಗುತ್ತಿರಲಿಲ್ಲ ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅಳಬೇಡ, ನಿನ್ನದೇನೂ ತಪ್ಪಿಲ್ಲ ಎನ್ನುತ್ತಾಳೆಂದು ಕಾಯುತ್ತಿದ್ದೆ. ಅಮ್ಮ ಹಾಗೆ ಸುಳ್ಳು ಸಮಾಧಾನ ಹೇಳುವವಳಲ್ಲ.

“ಹೂಂ, ನೀನ್ ಬಂದಿದ್ರೆ ತಿಂತಿದ್ಲು. ನಾನ್ ಮಿಲ್ಲಿಗೆ ಹೋಗ್ದೆ ಇದ್ರೆ ಹೋಗ್ತಿರ್ಲಿಲ್ಲ. ಅದ್ಕೇ ಇಬ್ರೂ ಹುಡ್ಕಣ. ಶನಿವಾರ ಶಾಲೆ ಬಿಟ್ ತಕ್ಷಣ ಬಸ್ ಸ್ಟ್ಯಾಂಡಿಗೆ ಬಾ.”

ಆ ಮಾತಿಗೆ ನನ್ನ ಅಳು ನಿಂತಿತು. ತಪ್ಪನ್ನು ಒರೆಸಿಹಾಕದೆ ಕೈಗೊಂದು ಕೆಲಸ ಕೊಟ್ಟಳಲ್ಲ, ಅದಕ್ಕಿಂತ ದೊಡ್ಡ ಉಪಕಾರ ನನಗೆ ಈವರೆಗೆ ಯಾರೂ ಮಾಡಿಲ್ಲ.

ಆಮೇಲಿನ ಎರಡು ತಿಂಗಳು ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ನಮ್ಮದು ಅದೇ ಕಾಯಕ. ಅಮ್ಮನ ಬ್ಯಾಗಿನಲ್ಲಿ ನೋಟೀಸುಗಳು, ಅಂಟಿನ ಡಬ್ಬಿ, ಅತ್ತೆಯದೊಂದು ಸೀರೆ, ಅವಳ ಮಾತ್ರೆಯ ಎರಡು ಹಾಳೆ. ಸಿಕ್ಕರೆ ಅಲ್ಲೇ ಕೊಡಬೇಕಲ್ಲ ಎಂದು ಒಂದು ಬಾಟಲಿ ನೀರು. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಕಸ ಗುಡಿಸುವ ಹೆಂಗಸರಿಂದ ಹಿಡಿದು ಕಡಲೆಕಾಯಿ ಮಾರುವವರವರೆಗೆ ಎಲ್ಲರಿಗೂ ಅಮ್ಮನ ಗುರುತಾಯಿತು. ಆಸ್ಪತ್ರೆಯ ಹೆಂಗಸರ ವಾರ್ಡುಗಳನ್ನು ಮಂಚ ಮಂಚ ನೋಡಿದೆವು. ಮಠಗಳ ದಾಸೋಹದ ಹೊತ್ತಿಗೆ ಹೋಗಿ, ಪಂಕ್ತಿಯಲ್ಲಿ ಕೂರದೆ, ಕೈ ತೊಳೆಯುವ ನಲ್ಲಿಗಳ ಹತ್ತಿರ ನಿಲ್ಲುತ್ತಿದ್ದೆವು. ಉಂಡವರೆಲ್ಲ ಅಲ್ಲಿಗೆ ಬರಲೇಬೇಕು, ಒಬ್ಬರ ಮುಖವೂ ತಪ್ಪುವುದಿಲ್ಲ ಎಂಬುದು ಅಮ್ಮನ ಲೆಕ್ಕಾಚಾರ. ಸಾವಿರ ಮುಖಗಳು ಹಾದು ಹೋಗುತ್ತಿದ್ದವು. ಅತ್ತೆ ಪರರ ಮನೆಯ ಅನ್ನ ಮುಟ್ಟುವುದಿಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದೆ. “ಹೊಟ್ಟೆ ಕಣೇ ಅದು. ಎಷ್ಟ್ ದಿನ ಅಂತ ಹೆದರ್ಕೊಂಡಿರುತ್ತೆ?” ಎಂದಳು. ಅವಳಿಗೂ ನಂಬಿಕೆ ಇದ್ದಂತೆ ಕಾಣಲಿಲ್ಲ, ಆದರೂ ಕದಲಲಿಲ್ಲ.

ಎರಡನೆಯ ವಾರದಲ್ಲೋ ಮೂರನೆಯ ವಾರದಲ್ಲೋ, ತುಮಕೂರಿನ ಅಂಚಿನಲ್ಲಿ ದಿಕ್ಕಿಲ್ಲದ ಹೆಂಗಸರನ್ನು ಇರಿಸಿಕೊಳ್ಳುವ ಆಶ್ರಯ ಮನೆಯೊಂದಿದೆ ಎಂದು ಯಾರೋ ಹೇಳಿದರು. ಹೋದೆವು. ಕಬ್ಬಿಣದ ಗೇಟು, ಒಳಗೆ ನುಗ್ಗೆ ಮರ, ಒಣಹಾಕಿದ ಸೀರೆಗಳು. ವಾರ್ಡನ್ ಒಳ್ಳೆಯ ಹೆಂಗಸೇ. ನೋಟೀಸಿನ ಫೋಟೋ ನೋಡಿದರು. ಜೆರಾಕ್ಸಿನಲ್ಲಿ ಅತ್ತೆಯ ಮುಖ ಕಪ್ಪು ಮಸಿಯಾಗಿತ್ತು, ಜಡೆಯೊಂದೇ ಕಾಣುತ್ತಿತ್ತು. ದೊಡ್ಡ ಪುಸ್ತಕ ತೆಗೆದು, ಹೆಸರುಗಳ ಮೇಲೆ ಬೆರಳಾಡಿಸುತ್ತ ಕೊನೆಯವರೆಗೆ ಬಂದರು. “ಪಾರ್ವತಿ ಅಂತ ಯಾರೂ ಇಲ್ಲಮ್ಮ. ಪುಸ್ತಕದಲ್ಲಿ ಹೆಸರಿಲ್ದೆ ಒಳಗೆ ಬಿಡಂಗಿಲ್ಲ, ರೂಲ್ಸು” ಎಂದರು. ಅಮ್ಮ ಗೇಟಿಗೆ ಒಂದು ನೋಟೀಸು ಅಂಟಿಸಲು ಅಪ್ಪಣೆ ಕೇಳಿ, ಅಂಟಿಸಿ ಬಂದಳು.

ಒಂದೂವರೆ ತಿಂಗಳಾದಾಗ ಅಪ್ಪ ಕೈಚೆಲ್ಲಿ ಕೂತ. ನೆಂಟರು ಮೆಲ್ಲಗೆ, ಇನ್ನು ಅವಳ ಹೆಸರಿನಲ್ಲಿ ಏನು ಮಾಡಬೇಕೋ ಅದನ್ನು ಮಾಡಿ ಮುಗಿಸಿ ಎಂದು ಸೂಚಿಸತೊಡಗಿದರು. ಅಂಥ ಮಾತಾಡಿದ ಒಬ್ಬ ದೊಡ್ಡಪ್ಪನಿಗೆ ಅಮ್ಮ ಕಾಫಿ ಕೊಡಲಿಲ್ಲ. ಲೋಟ ತಂದವಳು ಅವನ ಮುಂದೆಯೇ ವಾಪಸು ಒಯ್ದಳು. ಅಜ್ಜಿ ಇನ್ನೊಂದು ಸಲ ಅಯ್ನೋರ ಹತ್ತಿರ ಶಾಸ್ತ್ರ ಕೇಳಿ ಬಂದಳು. ದಕ್ಷಿಣ ದಿಕ್ಕಿಗೆ ಹೋಗಿದ್ದಾಳೆ ಎಂದರಂತೆ. ಶಾಸ್ತ್ರವೆಂದರೆ ಮೂಗು ಮುರಿಯುತ್ತಿದ್ದ ಅಮ್ಮ ಅವತ್ತು ಮಾತ್ರ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ದಕ್ಷಿಣ ಅಂದ್ರೆ ಕುಣಿಗಲ್ಲು. ಕುಣಿಗಲ್ ದಾಟಿದ್ರೆ ಅಮೃತೂರು. ನಾಳೆ ನಾನೂ ಶೈಲೂ ಹೋಗ್ಬರ್ತೀವಿ ಅತ್ತೆಮ್ಮ. ಅಯ್ನೋರೇ ಹೇಳವ್ರೆ, ಇನ್ನು ಬ್ಯಾಡ ಅನ್ಬೇಡಿ.”

ಅಜ್ಜಿ ತನ್ನ ಬಲೆಗೆ ತಾನೇ ಬಿದ್ದಿದ್ದಳು. ಹಣೆಯ ವಿಭೂತಿಯನ್ನು ಬೆರಳಿನಿಂದ ಕೆರೆಯುತ್ತ, “ಬಸ್ಸಲ್ಲಿ ಮಗೀನ ಕಿಟಕಿ ಕಡೆ ಕೂರ್ಸು, ವಾಂತಿ ಮಾಡ್ತದೆ” ಎಂದಳು. ಅದೇ ಅವಳ ಒಪ್ಪಿಗೆ.

ಭಾನುವಾರ ಬೆಳಿಗ್ಗೆ ತುಮಕೂರಿಗೆ ಹೋಗಿ, ಅಲ್ಲಿಂದ ಕುಣಿಗಲ್ಲು, ಕುಣಿಗಲ್ಲಿನಿಂದ ಪ್ರೈವೇಟ್ ಬಸ್ಸು. ಅಮೃತೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅತ್ತೆಯ ಗಂಡ ತೋಟಕ್ಕೆ ಹೋಗಿದ್ದ. ಅವನಿಗೆ ಬೇರೆ ಮದುವೆಯಾಗಿತ್ತು. ಆ ಹೆಂಗಸು ನಮ್ಮನ್ನು ಕಂಡು ಒಳಗೆ ಸರಿದುಹೋದಳು. ಜಗುಲಿಯಲ್ಲಿ ಅವನ ತಾಯಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿದ್ದಳು. ಅಮ್ಮನ ಗುರುತು ಹತ್ತಿತು, ಆದರೆ ಕೂರು ಎನ್ನಬೇಕೋ ಬೇಡವೋ ತಿಳಿಯದೆ ಮೊರ ಹಿಡಿದೇ ಇದ್ದಳು. ಅಮ್ಮ ನಿಂತಲ್ಲಿಂದಲೇ ಕೇಳಿದಳು.

“ಪಾರ್ವತಿ ಏನಾದ್ರೂ ಈ ಕಡೆ ಬಂದಿದ್ಲೇನಮ್ಮ?”

“ಪಾರ್ವತಿ ನಾನೇ ಅಲ್ವಾ? ನೀನ್ ಕೇಳ್ತಿರೋದು ಮಂಗಳನ್ನ.”

ಮಂಗಳ ಯಾರೆಂದು ನನಗೆ ಅರ್ಥವಾಗಲಿಲ್ಲ. ಅಮ್ಮನ ಮುಖ ನೋಡಿದರೆ ಅವಳಿಗೆ ಅರ್ಥವಾಗಿತ್ತು. ಅತ್ತೆಯ ಹೆಸರೂ ಪಾರ್ವತಿ, ಅವಳ ಅತ್ತೆಯ ಹೆಸರೂ ಪಾರ್ವತಿ. ಸೊಸೆಯನ್ನು ಕೂಗಿದರೆ, ಬೈದರೆ, ಮನೆಯ ಹಿರಿಯಳನ್ನೇ ಕೂಗಿದಂತೆ, ಬೈದಂತೆ. ನಮ್ಮ ಕಡೆ ಅಂಥ ಮನೆಗಳಲ್ಲಿ ಬಂದ ಹುಡುಗಿಗೆ ಬೇರೆ ಹೆಸರಿಡುತ್ತಾರೆ. ಮನೆ ತುಂಬಿಸಿಕೊಂಡ ದಿನವೇ ಅತ್ತೆ ಮಂಗಳ ಆಗಿದ್ದಳು. ಒಂದೂವರೆ ವರ್ಷ ಅಲ್ಲಿ ಅವಳನ್ನು ಬೇರೆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ತವರಿಗೆ ಮರಳಿದ ಮೇಲೆ ಅಜ್ಜಿ ಆ ಹೆಸರನ್ನೂ ಹೊಸಿಲಾಚೆ ನಿಲ್ಲಿಸಿದ್ದಳು.

“ಬಂದಿದ್ಲು” ಎಂದಳು ಮುದುಕಿ, ಕಾಳಿನ ಕಡೆ ನೋಡುತ್ತ. “ಎರಡ್ ತಿಂಗ್ಳಾಯ್ತು. ಇಲ್ಲೇ ಮೆಟ್ಲ ಮ್ಯಾಲೆ ಕೂತಿದ್ಲು. ಮಜ್ಜಿಗೆ ಕೊಟ್ಟೆ, ಕುಡೀಲಿಲ್ಲ. ನನ್ ಮಗ ಕರ್ಕೊಂಡೋಗಿ ತುಮ್ಕೂರ್ ಬಸ್ ಹತ್ಸಿ ಬಂದ. ಆಮ್ಯಾಕೆ ತುಮ್ಕೂರಿನ್ ಅದ್ಯಾವ್ದೋ ಹೆಂಗಸ್ರ ಆಶ್ರಮದಿಂದ ಒಂದ್ ಕಾಗ್ದ ಬಂತು, ಮಂಗಳ ಅನ್ನೋರು ನಮ್ಮತ್ರ ಅವ್ರೆ, ಬಂದು ಕರ್ಕೊಂಡೋಗಿ ಅಂತ. ಇವ್ನು ಹರ್ದಾಕ್ದ. ನಂಗೇನ್ ಓದಕ್ ಬರ್ತದಾ?” ಆಮೇಲೆ ದನಿ ತಗ್ಗಿಸಿ, “ನಿಮ್ಗೂ ಬಂದಿರುತ್ತೆ ಅನ್ಕೊಂಡೆ ಕಣಮ್ಮ” ಎಂದಳು.

ಅಮ್ಮ ಅವಳ ಮೇಲೆ ರೇಗಲಿಲ್ಲ. ನನ್ನ ರಟ್ಟೆ ಹಿಡಿದು ದರದರ ನಡೆದಳು. ಬಸ್ಸು ನಿಲ್ಲುವ ಕಡೆ ಒಂದು ಕಲ್ಲುಬೆಂಚಿತ್ತು. ಅಲ್ಲಿ ಕೂತು ತನ್ನ ಹಣೆಗೆ ತಾನೇ ಪಟಪಟನೆ ಹೊಡೆದುಕೊಂಡಳು. ಅಮ್ಮ ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನಂಗೊತ್ತಿತ್ತು ಕಣೇ ಶೈಲ. ಆ ಹೆಸ್ರು ನಂಗೊತ್ತಿತ್ತು. ಅವ್ಳು ಆ ಗೇಟಿನ್ ಒಳಗೇ ಇದ್ಲು. ನಾನ್ ನೋಟೀಸ್ ಅಂಟ್ಸಿ ಬಂದೆ!”

ಗೊತ್ತಿತ್ತು ಎಂದರೆ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು. ದೂರಿನಲ್ಲಿ, ನೋಟೀಸಿನಲ್ಲಿ, ನೂರಾರು ಜನರ ಮುಂದೆ ನಾವು ಆಡಿದ ಮಾತಿನಲ್ಲಿ ಎಲ್ಲೂ ಅದು ಬರಲಿಲ್ಲ. ಮುಚ್ಚಿಡಬೇಕೆಂದು ಮುಚ್ಚಿಟ್ಟದ್ದಲ್ಲ. ಎಂಟು ವರ್ಷ ಆಡದ ಹೆಸರು ಬೇಕಾದಾಗ ಬಾಯಿಗೆ ಬರಲೇ ಇಲ್ಲ. ನನಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಕೋಪ ಬಂತು. ಅಮ್ಮನಿಗೆ ಕೋಪಕ್ಕೆಲ್ಲ ಪುರುಸೊತ್ತಿರಲಿಲ್ಲ. ಬಸ್ಸು ಬಂತು, ಹತ್ತಿದಳು. ಕುಣಿಗಲ್ಲಿನಲ್ಲಿ ಊಟದ ಹೊತ್ತಾಗಿತ್ತು. ಎರಡು ಬಾಳೆಹಣ್ಣು ನನ್ನ ಕೈಗೆ ತುರುಕಿ ತುಮಕೂರಿನ ಬಸ್ಸಿಗೆ ಓಡಿಸಿದಳು.

ಆ ಗೇಟಿನ ಮುಂದೆ ನಿಂತಾಗ ಇನ್ನೂ ಬಿಸಿಲಿತ್ತು. ನಾವು ಅಂಟಿಸಿದ ನೋಟೀಸು ಮಳೆಗೆ ತೊಯ್ದು ಅರ್ಧ ಹರಿದಿತ್ತು. ಅದೇ ವಾರ್ಡನ್, ಅದೇ ಪುಸ್ತಕ. ಅಮ್ಮ ಪುಸ್ತಕ ತೆರೆಯಲೂ ಬಿಡದೆ, “ಮಂಗಳ. ಊರು ಅಮೃತೂರು” ಎಂದಳು. ವಾರ್ಡನ್ ಪುಸ್ತಕ ಮುಚ್ಚಿದರು. “ಮಂಗಳಮ್ಮನ ಕಡೆಯೋರಾ? ಈಗ ಬಂದ್ರಾ?” ಎಂದರು. ತಂದಾಗ ತಲೆಯೆಲ್ಲ ಹೇನು, ಕೂದಲು ತೆಗೆಸಬೇಕಾಯಿತು; ನಾಲ್ಕು ದಿನ ಊಟ ಮುಟ್ಟಲಿಲ್ಲ, ಡಾಕ್ಟರು ಬಂದು ಮಾತ್ರೆ ಶುರು ಮಾಡಿದ ಮೇಲೆ ಈಗ ಎಲ್ಲರ ಜೊತೆ ಕೂತು ತಿನ್ನುತ್ತಾರೆ ಎಂದು ಹೇಳಿದರು. ನಾನಿಲ್ಲದೆಯೂ ಅತ್ತೆ ಉಣ್ಣುತ್ತಿದ್ದಾಳೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜೊತೆಗೇ, ಹೇಳಲು ನಾಚಿಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅತ್ತೆ ಬಂದಳು. ಗಂಡುಹುಡುಗರಂಥ ಮೋಟು ಕೂದಲು, ಯಾರದೋ ಹಸಿರು ಸೀರೆ. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಓಡಿ ಬರಲಿಲ್ಲ, ಅಳಲಿಲ್ಲ. ಬಸ್ಸು ತಪ್ಪಿಸಿಕೊಂಡು ಬಂದವರನ್ನು ಕೇಳುವ ಹಾಗೆ ಕೇಳಿದಳು.

“ಯಾಕತ್ಗೆ ಇಷ್ಟ್ ಲೇಟು? ನಾನು ಹೆಸ್ರು, ಊರು ಎಲ್ಲಾ ಹೇಳಿದ್ನಲ್ಲ.”

ಅಮ್ಮ ಒಂದು ಕಾರಣವನ್ನೂ ಕೊಡಲಿಲ್ಲ. ಕಾಗದ ನಮಗೆ ಬರಲಿಲ್ಲ ಎನ್ನಬಹುದಿತ್ತು, ಒಮ್ಮೆ ಗೇಟಿನವರೆಗೆ ಬಂದಿದ್ದೆವು ಎನ್ನಬಹುದಿತ್ತು. ಅತ್ತೆಯ ಮೋಟು ತಲೆಯ ಮೇಲೆ ಅಂಗೈಯಿಟ್ಟು, “ತಪ್ಪಾಯ್ತು ಕಣವ್ವ” ಎಂದಳು. ಅಷ್ಟೇ.

ಕರೆದುಕೊಂಡು ಹೋಗಲು ಒಡಹುಟ್ಟಿದವರ ಸಹಿ ಬೇಕು, ಸೋಮವಾರ ಬನ್ನಿ ಎಂದರು ವಾರ್ಡನ್. ಅಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತುಬಿಟ್ಟಳು. ಎದುರಿನ ಅಂಗಡಿಯ ಕಾಯಿನ್ ಫೋನಿನಿಂದ ನಾನೇ ಅಪ್ಪನಿಗೆ ಹೇಳಿದೆ. ಅಪ್ಪ ಮನೆಯಲ್ಲಿ ಉಡುವ ಲುಂಗಿಯಲ್ಲೇ ಓಡಿ ಬಂದ. ತಂಗಿಯ ಮುಂದೆ ನಿಂತು ಅವಳ ಸೀರೆಯ ಸೆರಗು ಸರಿಮಾಡಿದ. ಫಾರಂ ತುಂಬಿಸುತ್ತ ವಾರ್ಡನ್, ಏನು ಕಾಯಿಲೆ ಎಂದರು. ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಬೇಕೆಂದೇ ನುಗ್ಗೆ ಮರ ನೋಡುತ್ತಿದ್ದಳು. “ಸ್ಕಿಜೋಫ್ರೇನಿಯಾ” ಎಂದ ಅಪ್ಪ, ತಡವರಿಸದೆ. ಆ ಪದ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವುದು ನನಗೆ ತಿಳಿದದ್ದು ಆಗ. ಸಹಿ ಹಾಕಿಸಿಕೊಂಡು ವಾರ್ಡನ್ ಪೆನ್ನಿನ ಮುಚ್ಚಳ ಹಾಕಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ಇಂಥವರನ್ನು ಎಷ್ಟೋ ಜನರನ್ನು ಕಂಡ ಆಯಾಸವಿತ್ತು.

“ಕರ್ಕೊಂಡೋಗ್ತೀರಿ ಸರಿ. ಮತ್ತೆ ಎದ್ದು ಹೋದ್ರೆ? ರೂಮಿಗೆ ಬೀಗ ಹಾಕಿಡ್ತೀರಾ?”

ಅಮ್ಮ ಅತ್ತೆಯ ಮಾತ್ರೆಗಳನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದವಳು ಅಲ್ಲಿಂದಲೇ ಹೇಳಿದಳು.

“ಬೀಗ ಹಾಕಲ್ಲ. ಹೋದ್ರೆ ಹುಡುಕ್ತೀವಿ.”

“ಎಷ್ಟ್ ಸಲ ಅಂತ ಹುಡುಕ್ತೀರಮ್ಮ?”

“ಹೋದಷ್ಟ್ ಸಲ.”

ಆಮೇಲೆ ಅತ್ತೆ ಇನ್ನೂ ಎರಡು ಸಲ ಹೋದಳು. ಮೊದಲನೆಯ ಸಲ ಅಮ್ಮನೂ ನಾನೂ ಹುಡುಕಿ ಕರೆತಂದೆವು. ಎರಡನೆಯ ಸಲಕ್ಕೆ ಅಮ್ಮ ಬದುಕಿರಲಿಲ್ಲ. ನಾನೊಬ್ಬಳೇ ಹೋದೆ, ಮೂರನೆಯ ದಿನ ಕುಣಿಗಲ್ಲಿನಲ್ಲಿ ಸಿಕ್ಕಳು.